ಇರುವೆ ನುಗ್ಗದ ಟ್ರಂಕು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಟ್ರಂಕಿನ ಮಾವ ಅಂದರೆ ಸಾಕು, ಆಗತಾನೇ ಮಾತು ಕಲಿತ ಮಗುವೂ ಕೈ ಚಾಚಿ ಮನೆ ತೋರಿಸುತ್ತಿತ್ತು. ಕಬ್ಬಿಣದ ತಗಡಿನ ಟ್ರಂಕು ಮಾಡುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಸಾಲಾಗಿ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಸಾಮಾನು: ತಗಡು ಕತ್ತರಿ ಮೂರು, ಮರದ ಸುತ್ತಿಗೆ ಎರಡು, ಉಳಿ ನಾಲ್ಕು. ಯಾವ ಮೊಳೆಯದು ಯಾವ ಸಾಮಾನು ಎಂಬುದು ಹೆಂಡತಿಗೂ ಬಾಯಿಪಾಠ. ತಪ್ಪು ಮೊಳೆಗೆ ತೂಗುಹಾಕಿದರೆ ಮಾವ ಒಂದು ಹೊತ್ತು ಮಾತು ಬಿಡುತ್ತಿದ್ದರು.

ಅವರ ಟ್ರಂಕಿನ ಮಹಿಮೆ ಒಂದೇ. ಅದರೊಳಗೆ ಏನೂ ಹೋಗುವಂತಿಲ್ಲ. ಗಿರಾಕಿ ಬಂದರೆ ಮಾವ ಬೆಲೆ ಹೇಳುತ್ತಿರಲಿಲ್ಲ, ಮೊದಲು ಒಂದು ಚಮಚ ಸಕ್ಕರೆಯನ್ನು ಟ್ರಂಕಿನೊಳಗೆ ಹಾಕಿ ಮುಚ್ಚಿ, ಗೋಡೆಯ ಬದಿಯಲ್ಲಿ ಇರುವೆ ಸಾಲು ಹರಿಯುವ ಕಡೆ ಇಟ್ಟುಬಿಡುತ್ತಿದ್ದರು. "ನಾಳೆ ಬನ್ನಿ. ಒಳಗೆ ಒಂದೇ ಒಂದು ಇರುವೆ ಇದ್ರೆ ಪೆಟ್ಟಿಗೆ ನಿಮ್ದು, ಪುಕ್ಕಟೆ ಹೊತ್ಕೊಂಡು ಹೋಗಿ" ಎನ್ನುತ್ತಿದ್ದರು. ಮೂವತ್ತೆಂಟು ವರ್ಷದಲ್ಲಿ ಪುಕ್ಕಟೆ ಹೊತ್ತುಕೊಂಡು ಹೋದವರು ಯಾರೂ ಇಲ್ಲ. ಕಳ್ಳರು ಒಮ್ಮೆ ಯಾರದೋ ಮನೆಯಲ್ಲಿ ಮಾವನ ಟ್ರಂಕನ್ನು ಒಡೆಯಲು ನೋಡಿ, ಆಗದೆ, ಬೆವರು ಒರೆಸಿಕೊಂಡ ಟವೆಲನ್ನು ಅಲ್ಲೇ ಮರೆತು ಹೋಗಿದ್ದರಂತೆ. ಆ ಕತೆಯನ್ನು ಮಾವ ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಆಮೇಲೆ ಪ್ಲಾಸ್ಟಿಕ್ ಡಬ್ಬ ಬಂತು, ಮರದ ಕಪಾಟು ಬಂತು. ಟ್ರಂಕು ಕೇಳುವವರು ಕಡಿಮೆಯಾದರು. ಹೋದ ವರ್ಷ ಮಾಡಿದ್ದು ನಾಲ್ಕು, ಅದರಲ್ಲಿ ಎರಡು ಮೂಲೆಯಲ್ಲೇ ಕೂತಿದ್ದವು. ಮಾವ ಬೆಳಗ್ಗೆ ಅಂಗಡಿ ಬಾಗಿಲು ತೆರೆದು ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಬೆರಳಿನಿಂದ ಟಕಟಕ ಬಡಿಯುತ್ತಿದ್ದರು. ಸುತ್ತಿಗೆ ಹಿಡಿದ ಕೈ ಸುಮ್ಮನಿರುವುದಿಲ್ಲ.

ಸೊಸೆ ಬಂದು ಎಂಟು ತಿಂಗಳಾಗಿತ್ತು. ಬೆಳಗ್ಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿಗೆ ಕೆಲಸಕ್ಕೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದಳು. ಮಗ ಲಾರಿ ಓಡಿಸುವವನು, ವಾರದಲ್ಲಿ ನಾಲ್ಕು ದಿನ ಹೊರಗೇ. ಸೊಸೆ ಮಾತು ಕಡಿಮೆ, ಕೆಲಸ ಚೊಕ್ಕ. ಅತ್ತೆಗೆ ಅದೇ ಒಂದು ಚಿಂತೆಯಾಗಿತ್ತು. "ಜಗಳಕ್ಕೂ ಬರಲ್ಲ ಈ ಹುಡುಗಿ. ಹೀಗಾದ್ರೆ ಹೊತ್ತು ಹೋಗೋದು ಹೆಂಗೆ?" ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಒಂದು ದಿನ ಸೊಸೆ ಊಟದ ಮೇಜಿನ ಹತ್ತಿರ ಕೂತಿದ್ದಾಗ ಮಾವ ಅವಳ ಎಡಗೈ ನೋಡಿದರು. ನಾಲ್ಕು ಬೆರಳು ಮೇಜಿನ ಅಂಚನ್ನು ಒತ್ತುತ್ತಿದ್ದವು. ಒಮ್ಮೆ ಮೇಲೆ, ಒಮ್ಮೆ ಪಕ್ಕಕ್ಕೆ, ಹೆಬ್ಬೆರಳು ನಡುನಡುವೆ ಒಂದು ಏಟು. ಮುಖ ಎಲ್ಲೋ, ಬೆರಳು ಮಾತ್ರ ಲೆಕ್ಕವಾಗಿ ನಡೆಯುತ್ತಿದ್ದವು.

"ಏನಮ್ಮಾ, ಯಾವ ಕಸುಬು ಬಿಟ್ಟಿದ್ದೀಯ ನೀನು?" ಎಂದರು ಮಾವ.

ಅವಳು ಕೈ ಎಳೆದುಕೊಂಡಳು. "ಏನಿಲ್ಲ ಮಾವ."

"ಏನಿಲ್ಲ ಅನ್ನೋ ಬೆರಳಲ್ಲ ಅದು. ನಂಗೆ ಗೊತ್ತು. ನಂದೂ ಹಂಗೇ ಆಡತ್ತೆ."

ಆಗ ಹೇಳಿದಳು. ಕಂಪ್ಯೂಟರಿನಲ್ಲಿ ಆಡುವ ಆಟ. ಐದು ಜನರ ಒಂದು ತಂಡ, ಎಲ್ಲರೂ ಹೆಂಗಸರು, ಒಬ್ಬೊಬ್ಬರು ಒಂದೊಂದು ಊರಲ್ಲಿ ಕೂತು ಆಡುವುದು. ತಂಡದ ನಾಯಕಿ ಹಲ್ಲಿನ ಡಾಕ್ಟರು. ತವರಿನಲ್ಲಿ ಅಣ್ಣನ ಕಂಪ್ಯೂಟರು ಇತ್ತು, ನಾಲ್ಕು ವರ್ಷ ಆಡಿದಳು. ಮದುವೆಯಾಗಿ ಬಂದ ಮೇಲೆ ಇಲ್ಲ. ಇಷ್ಟು ದಿನ ಅವಳ ಜಾಗವನ್ನು ಹಾಗೇ ಇಟ್ಟಿದ್ದರು. ಈಗ ಪಂದ್ಯ ಬಂದಿದೆ, ಇನ್ನು ಹದಿನೈದು ದಿನಕ್ಕೆ, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಅವತ್ತು ಅವಳು ಆಡದಿದ್ದರೆ ಜಾಗ ಬೇರೆಯವಳಿಗೆ ಹೋಗುತ್ತದೆ. ಕಾಯುತ್ತಿರುವವಳು ಆಗಲೇ ಇದ್ದಾಳೆ.

"ಆಟದಲ್ಲಿ ನಿಂಗೇನು ಕೆಲಸ?"

"ಬಾಗಿಲು ಕಾಯೋದು ಮಾವ. ಮಿಕ್ಕೋರು ಒಳಗೆ ಕೆಲಸ ಮುಗಿಸೋವರೆಗೂ ಎದುರು ತಂಡದವ್ರು ಯಾರೂ ನುಗ್ಗದ ಹಾಗೆ ನೋಡ್ಕೋಬೇಕು."

ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಯಾರನ್ನೂ ಒಳಗೆ ನುಗ್ಗಲು ಬಿಡದ ಕೆಲಸ! ಮನೆಯಲ್ಲಿ ಎಂಟು ತಿಂಗಳಿಂದ ತಮ್ಮದೇ ಕಸುಬಿನವಳೊಬ್ಬಳು ಇದ್ದಾಳೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಆ ಕಂಪ್ಯೂಟರನ್ನ ನಾವೇ ಮಾಡೋಣ" ಎಂದರು.

ಅಡಿಗೆಮನೆಯಿಂದ ಅತ್ತೆ ಕೂಗಿದರು. "ಮಾಡಿ ಮಾಡಿ. ಮೂಲೇಲಿ ಎರಡು ಟ್ರಂಕಿದೆ, ಮೂರನೇದು ಕೂತ್ಕೊಳ್ಳೋಕೆ ಜಾಗ ಮಾಡ್ತೀನಿ."

ಮರುದಿನ ಮಾವ ಸೊಸೆ ಇಬ್ಬರೂ ಹಳೇಪಾರ್ಟಿನ ಅಂಗಡಿಗೆ ಹೋದರು. ಹಳೇಪಾರ್ಟು ಅಂದರೆ ಹಳೆ ಕಂಪ್ಯೂಟರು ಬಿಚ್ಚಿ ಮಾರುವವನು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ತಂತಿ. ಅವನ ಒಂದೇ ಗೋಳು ಇಲಿ. ಎಷ್ಟು ಎತ್ತರಕ್ಕಿಟ್ಟರೂ ತಂತಿ ಕಡಿದು ಹೋಗುತ್ತಿದ್ದವು. ಮಾವ ಇಲಿಯ ಮಾತು ಕೇಳಿದ್ದೇ ತಡ, ವ್ಯಾಪಾರ ಅಲ್ಲೇ ಕುದುರಿತು. ಮೂಲೆಯಲ್ಲಿದ್ದ ಎರಡು ಟ್ರಂಕು ಹಳೇಪಾರ್ಟಿಗೆ, ಕಂಪ್ಯೂಟರಿಗೆ ಬೇಕಾದ ಹಳೆ ಸಾಮಾನು ಮಾವನಿಗೆ.

ಸೊಸೆ ಚೀಟಿ ತೆಗೆದಳು. ಅಂಗಡಿಯಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನೋಡಿ ಮಾವ ದಂಗಾದರು. ಈ ಮದರ್‌ಬೋರ್ಡು ಬೇಡ, ಆ ಪ್ರೊಸೆಸರು ಸಾಕು, ಮೆಮೊರಿ ಎರಡು ಪಟ್ಟಿ ಕೊಡಿ, ಒಂದೇ ಜೊತೆಯದಾಗಿರಲಿ, ಪವರ್ ಸಪ್ಲೈ ಮಾತ್ರ ಗಟ್ಟಿಯಾದ್ದು ಬೇಕು. ಕೊನೆಗೆ ಗ್ರಾಫಿಕ್ಸ್ ಕಾರ್ಡಿಗೆ ಬಂದಳು. ಆಟದ ಚಿತ್ರವನ್ನೆಲ್ಲ ಪರದೆಗೆ ಬರೆದು ಕೊಡುವುದು ಆ ಕಾರ್ಡೇ.

"ಹೊಸದು ತಗೊಂಡ್ರೆ ಆ ದುಡ್ಡಲ್ಲಿ ಹೀಗಿರೋ ಕಂಪ್ಯೂಟರ್ ಮೂರು ಮಾಡ್ಬೋದು ಮಾವ. ಏಳೆಂಟು ವರ್ಷದ ಹಿಂದಿನ ದೊಡ್ಡ ಕಾರ್ಡ್ ತಗೊಂಡ್ರೆ ಸಾಕು. ಬಲ ಹಾಗೇ ಇರತ್ತೆ. ಕರೆಂಟ್ ಜಾಸ್ತಿ ಕುಡಿಯತ್ತೆ, ಬೇಗ ಬಿಸಿಯಾಗತ್ತೆ, ಸದ್ದು ಜಾಸ್ತಿ ಮಾಡತ್ತೆ, ಅಷ್ಟೆ."

"ನನ್ನ ಹಾಗೆ ಅನ್ನು."

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ, "ಬಿಸಿ, ಸದ್ದು ಎರಡೂ ಸರಿ. ಬಲದ ವಿಷಯ ಒಂದು ಕೇಳ್ಬೇಡಿ" ಎಂದರು.

ಮೊದಲ ಕಾರ್ಡು ಕೈಕೊಟ್ಟಿತು. ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ ಹಚ್ಚಿದರೆ ಪರದೆ ತುಂಬ ಹಸಿರು ಕೆಂಪು ಪಟ್ಟೆ. "ಇದೇನಾ ಆಟ? ಹಾಸಿಗೆ ಹೊದಿಕೆ ಇದ್ದ ಹಾಗಿದೆ" ಎಂದರು ಅತ್ತೆ. ಸೊಸೆ ಕಾರ್ಡು ಬಿಚ್ಚಿ ವಾಪಸು ಒಯ್ದಳು. ಹಳೇಪಾರ್ಟು, "ಅಯ್ಯೋ ಅಕ್ಕಾ, ನಿನ್ನೆ ಚೆನ್ನಾಗೇ ಇತ್ತು" ಎಂದು ರಾಗ ಎಳೆದ. ಮಾವ ಹಿಂದಿನಿಂದ, "ಹಾಗಾದ್ರೆ ನನ್ನ ಟ್ರಂಕೂ ನಾಳೆಯಿಂದ ಇಲಿ ಬಿಟ್ಕೊಳ್ಳತ್ತೆ" ಎಂದರು. ಹಳೇಪಾರ್ಟು ಸುಮ್ಮನೆ ಎದ್ದು ಒಳಗಿನಿಂದ ಇನ್ನೊಂದು ತಂದ.

ಅದು ಮುಚ್ಚಿಹೋದ ಒಂದು ವಿಡಿಯೋ ಸ್ಟುಡಿಯೋದ ಕಾರ್ಡು. ಮೊಳಕೈ ಉದ್ದ, ಇಟ್ಟಿಗೆ ತೂಕ, ಮುಖಕ್ಕೆ ಎರಡು ಫ್ಯಾನು. ಫ್ಯಾನಿನ ಹಿಂದೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಮಾವ ಬಣ್ಣದ ಬ್ರಷ್ಷಿನಿಂದ ಒಂದೊಂದು ಸಂದಿಯನ್ನೂ ಗುಡಿಸಿದರು, ಅದಕ್ಕೇ ಒಂದು ಮಧ್ಯಾಹ್ನ ಹೋಯಿತು. ಸೊಸೆ ಒಳಗಿನ ಒಣಗಿದ ಪೇಸ್ಟು ಒರೆಸಿ, ಬಟಾಣಿಯಷ್ಟು ಹೊಸ ಪೇಸ್ಟು ಇಟ್ಟು ಮುಚ್ಚಿದಳು. ಬಿಸಿಯನ್ನು ಕಾರ್ಡಿನ ಚಿಪ್‌ನಿಂದ ಲೋಹಕ್ಕೆ ದಾಟಿಸುವುದು ಆ ಪೇಸ್ಟು. ಹಚ್ಚಿದರು. ಪರದೆಯ ಮೇಲೆ ಬೆಟ್ಟ, ಬಾಗಿಲು, ಹೊಗೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಬಂತು. ಸೊಸೆ ನಕ್ಕಳು. ಆ ಮನೆಯಲ್ಲಿ ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು.

ಈಗ ಬಂದದ್ದು ಡಬ್ಬದ ತೊಂದರೆ. ಹಳೇಪಾರ್ಟು ಕೊಟ್ಟ ಕಂಪ್ಯೂಟರಿನ ಡಬ್ಬದಲ್ಲಿ ಈ ಕಾರ್ಡು ಹಿಡಿಸಲಿಲ್ಲ, ಎರಡು ಬೆರಳು ಉದ್ದ ಹೆಚ್ಚಾಯಿತು. ಸೊಸೆಯ ಮುಖ ಬಾಡಿತು. ಮಾವನ ಮುಖ ಮಾತ್ರ ಅರಳಿತು.

"ಪೆಟ್ಟಿಗೆ ತಾನೆ? ಇನ್ಯಾವನೋ ಮಾಡಿದ ಪೆಟ್ಟಿಗೆ ನಮ್ಗ್ಯಾಕೆ?"

ನಾಲ್ಕು ದಿನ ಆ ಕೋಣೆಯಿಂದ ಸುತ್ತಿಗೆ ಸದ್ದು ಬಂತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಎರಡು ಸಲ ಬಂದು, ಯಾರ ಮನೆ ಮದುವೆಗೆ ಆರ್ಡರು ಎಂದು ಕೇಳಿ ಹೋದರು. ಟ್ರಂಕು ಎದ್ದು ನಿಂತಿತು. ಕಡು ನೀಲಿ ಬಣ್ಣ. ಒಳಗೆ ತಗಡಿಗೆ ತಾಗದಂತೆ ಮರದ ಹಲಗೆ, ಹಲಗೆಯ ಮೇಲೆ ಮದರ್‌ಬೋರ್ಡು. ಭಾರದ ಕಾರ್ಡು ಜೋತುಬೀಳದ ಹಾಗೆ ಅದರಡಿಗೆ ಒಂದು ಪುಟ್ಟ ಊರೆಗೋಲು. ಬೋರ್ಡಿಗೂ ರಿವೆಟ್ಟು ಹೊಡೆಯಲು ಹೋದಾಗ ಸೊಸೆ "ಅಯ್ಯೋ ಮಾವಾ!" ಎಂದು ಕಿರುಚಿ ಕೈ ಹಿಡಿದುಕೊಂಡದ್ದು ಬಿಟ್ಟರೆ ಎಲ್ಲವೂ ಸುಸೂತ್ರ. ತಂತಿ ಹೊರಬರಲು ಹಿಂಬದಿಯಲ್ಲಿ ಒಂದೇ ಒಂದು ತೂತು. ಅದರ ಸುತ್ತಲೂ ಮಾವ ರಬ್ಬರು ಪಟ್ಟಿ ತುರುಕಿ, ಸೂಜಿಯೂ ಹೋಗದ ಹಾಗೆ ಬಿಗಿದಿದ್ದರು.

"ಮಾವ, ಗಾಳಿಗೆ ಜಾಗ ಬೇಕಲ್ಲ" ಎಂದಳು ಸೊಸೆ ಮೆಲ್ಲಗೆ. "ಬದಿಗಳಲ್ಲಿ ಸಾಲಾಗಿ ತೂತು ಬಿಟ್ರೆ..."

ಮಾವ ಸುತ್ತಿಗೆ ಕೆಳಗಿಟ್ಟರು. "ತೂತಾ?"

"ಸಣ್ಣ ಸಣ್ಣವು."

"ಇರುವೆ ದೊಡ್ಡದಿರತ್ತಾ?"

ಕೊನೆಗೆ ಸೊಸೆಯೇ ದಾರಿ ಹುಡುಕಿದಳು. ಆಡುವಾಗ ಮುಚ್ಚಳ ತೆರೆದಿರಲಿ, ಪಂದ್ಯ ಮುಗಿದ ಮೇಲೆ ಮುಚ್ಚಿಟ್ಟರಾಯಿತು, ಅಲ್ಲಿಯವರೆಗೆ ರಾತ್ರಿ ಬಟ್ಟೆ ಹೊದಿಸಿದರೆ ಸಾಕು. ಮಾವ ಒಪ್ಪಿದರು. ಎರಡು ದಿನ ಮುಚ್ಚಳ ತೆರೆದೇ ಆಡಿ ನೋಡಿದಳು. ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಅಂಕಿ ಇತ್ತು. ಎಪ್ಪತ್ತು, ಎಪ್ಪತ್ತೊಂದು, ಅದಕ್ಕಿಂತ ಮೇಲೆ ಹೋಗಲಿಲ್ಲ. ತೊಂಬತ್ತೆರಡಾದರೆ ಕಂಪ್ಯೂಟರು ತಾನಾಗಿ ಆರಿಹೋಗುತ್ತದೆ ಎಂದು ಮಾವನಿಗೆ ಹೇಳಿಕೊಟ್ಟಳು. "ಹಾಲು ಉಕ್ಕೋ ಮುಂಚೆ ಒಲೆ ಆರ್ಸೋ ಹಾಗೆ" ಎಂದು ಮಾವ ಅರ್ಥ ಮಾಡಿಕೊಂಡರು.

ಭಾನುವಾರ ಬಂತು. ಎರಡೂವರೆಗೇ ಸೊಸೆ ಕಿವಿಗೆ ಹೆಡ್‌ಫೋನು ಹಾಕಿ ಕೂತಳು. ಮೇಜಿನ ಮೇಲೆ ಪರದೆ, ಪಕ್ಕದ ಸ್ಟೂಲಿನ ಮೇಲೆ ಬಾಯಿ ತೆರೆದ ನೀಲಿ ಟ್ರಂಕು. ನೋಡಲು ಪೋಸ್ಟ್‌ಮಾಸ್ಟರು ಬಂದರು, ಹಳೇಪಾರ್ಟು ತನ್ನ ಕಾರ್ಡಿನ ಮರ್ಯಾದೆ ಕಾಪಾಡಿಕೊಳ್ಳಲು ಬಂದ. ಆಟದ ನಿಯಮವನ್ನು ಸೊಸೆ ಮೊದಲೇ ಎಲ್ಲರಿಗೂ ಹೇಳಿದ್ದಳು. ಶುರುವಾದ ಮೇಲೆ ಮುಗಿಯುವವರೆಗೂ ಯಾರ ಕಂಪ್ಯೂಟರೂ ಆರುವಂತಿಲ್ಲ, ಆರಿದರೆ ಆ ತಂಡ ಸೋತ ಹಾಗೆ.

ಮೂರಕ್ಕೆ ಶುರುವಾಯಿತು. ಕಾಲು ಗಂಟೆ ಚೆನ್ನಾಗೇ ನಡೆಯಿತು. ಸೊಸೆ ಬಾಗಿಲಲ್ಲಿ ನಿಂತಿದ್ದಳು, ಎದುರಿನವರು ಮೂರು ಸಲ ಬಂದು ಮೂರು ಸಲವೂ ಬಿದ್ದರು. ಪೋಸ್ಟ್‌ಮಾಸ್ಟರಿಗೆ ಆಟ ಅರ್ಥವಾಗದೆ ಕಣ್ಣು ಟ್ರಂಕಿನ ಕಡೆ ತಿರುಗಿತು.

"ಅಲ್ರೀ, ಏನೂ ಹೋಗಲ್ಲ ಅಂತಿದ್ರಿ ನಿಮ್ಮ ಪೆಟ್ಟಿಗೆ ಒಳಗೆ. ಇದು ನೋಡಿದ್ರೆ ಬಾಯಿ ಬಿಟ್ಕೊಂಡು ಕೂತಿದೆ. ಮೇಲಿಂದ ಒಂದು ಹಲ್ಲಿ ಬಿದ್ರೆ?"

ಮಾವ ಯೋಚನೆ ಮಾಡಿದ್ದರೆ ಮಾಡುತ್ತಿರಲಿಲ್ಲ. ಆದರೆ ಮೂವತ್ತೆಂಟು ವರ್ಷದ ಕೈ ಯೋಚನೆಗೆ ಕಾಯಲಿಲ್ಲ. "ಹಲ್ಲೀನಾ?" ಎಂದರು, ಅಂದವರೇ ಮುಚ್ಚಳದ ಮೇಲೆ ಅಂಗೈ ಇಟ್ಟು ಒತ್ತಿದರು. ಟಕ್ ಎಂದು ಬೀಗ ತಾನಾಗಿ ಕೂತಿತು.

ಕೂತದ್ದೇ ಮಾವನ ಮುಖದ ಬಣ್ಣ ಇಳಿಯಿತು. ಅವರ ಪದ್ಧತಿ ಒಂದಿತ್ತು. ಹೊಸ ಟ್ರಂಕು ಮಾಡಿದಾಗ ಅದರ ಎರಡೂ ಬೀಗದ ಕೈಗಳನ್ನು ದಾರದಲ್ಲಿ ಕಟ್ಟಿ ಮುಚ್ಚಳದ ಒಳಗಿನ ಕೊಕ್ಕೆಗೆ ತೂಗುಹಾಕುವುದು. ಗಿರಾಕಿ ಬಂದು ತಾನೇ ಬಿಚ್ಚಿ ತೆಗೆದುಕೊಂಡು, ಆಮೇಲೆ ತಾನೇ ಮೊದಲ ಸಲ ಮುಚ್ಚಬೇಕು. ಈ ಟ್ರಂಕಿಗೂ ಹಾಗೇ ಕಟ್ಟಿದ್ದರು. ಇದರ ಗಿರಾಕಿ ಸೊಸೆ. ಆಟದ ಗಡಿಬಿಡಿಯಲ್ಲಿ ಅವಳು ಬಿಚ್ಚಿಕೊಂಡಿರಲಿಲ್ಲ. ಎರಡೂ ಬೀಗದ ಕೈ ಈಗ ಒಳಗೆ, ಕತ್ತಲಲ್ಲಿ, ಫ್ಯಾನಿನ ಗಾಳಿಗೆ ತೂಗಾಡುತ್ತಿದ್ದವು.

"ಎಂಬತ್ತು" ಎಂದಳು ಸೊಸೆ ಪರದೆಯಿಂದ ಕಣ್ಣು ತೆಗೆಯದೆ. "ಮಾವ, ಎಂಬತ್ತಾಯ್ತು. ಏನಾಯ್ತು?"

"ಏನಿಲ್ಲಮ್ಮ, ನೀನು ಬಾಗಿಲು ಕಾಯಿ" ಎಂದರು ಮಾವ.

ಹಳೇಪಾರ್ಟು ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಬೀಗ ಮೀಟಿದ. ಸ್ಕ್ರೂಡ್ರೈವರು ಬಾಗಿತು. "ಏನ್ ಬೀಗ ಮಾಡಿದ್ದೀರಣ್ಣ!" ಎಂದ. ಬೇರೆ ದಿನವಾಗಿದ್ದರೆ ಮಾವ ಆ ಮಾತಿಗೆ ಅವನಿಗೆ ಊಟ ಹಾಕುತ್ತಿದ್ದರು.

"ಎಂಬತ್ತಾರು!"

ಅತ್ತೆ ಎಲ್ಲಿಂದಲೋ ಒದ್ದೆ ಟವೆಲು ಹಿಂಡಿಕೊಂಡು ಓಡಿ ಬಂದು ಟ್ರಂಕಿನ ತಲೆಗೆ ಹೊದಿಸಿದರು, ಜ್ವರ ಬಂದವರಿಗೆ ಮಾಡುವ ಹಾಗೆ. "ಕರೆಂಟ್ರೀ! ಕರೆಂಟ್!" ಎಂದು ಪೋಸ್ಟ್‌ಮಾಸ್ಟರು ಎರಡು ಹೆಜ್ಜೆ ಹಿಂದೆ ಹಾರಿದರು. "ಒಂದು ಹನಿ ಇಲ್ಲ, ಹಿಂಡೇ ತಂದಿದ್ದೀನಿ. ಜ್ವರ ಇಳಿಸೋದು ನನಗೆ ಹೇಳ್ಕೊಡ್ತೀರಾ?" ಎಂದರು ಅತ್ತೆ. ಅಂಕಿ ಎಂಬತ್ತೇಳಕ್ಕೆ ಬಂದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಎಂಬತ್ತೆಂಟಾಯಿತು.

"ಡ್ರಿಲ್ ಹಾಕಿ ತೂತು ಹೊಡೀರಿ" ಎಂದ ಹಳೇಪಾರ್ಟು.

"ಕಬ್ಬಿಣದ ಪುಡಿ ಒಳಗೆ ಉದುರತ್ತೆ. ಬೋರ್ಡ್ ಮೇಲೆ ಬಿದ್ರೆ ಮುಗೀತು" ಎಂದರು ಮಾವ. ಅಷ್ಟನ್ನು ಅವರು ಈ ಹದಿನೈದು ದಿನದಲ್ಲಿ ಕಲಿತಿದ್ದರು.

ಒಂದು ದಾರಿ ಇತ್ತು. ಅದು ಮಾವನೊಬ್ಬರಿಗೇ ಗೊತ್ತಿತ್ತು. ಟ್ರಂಕಿನ ಮೂರು ಮೂಲೆಯಲ್ಲಿ ತಗಡನ್ನು ಎರಡು ಮಡಿಕೆ ಮಡಚಿದರೆ, ನಾಲ್ಕನೆಯದರಲ್ಲಿ, ಎಡಗಡೆ ಕೆಳಗೆ, ಒಂದೇ ಮಡಿಕೆ. ಅಲ್ಲಿ ಎರಡು ಮಡಚಲು ತಗಡು ಬಗ್ಗುವುದಿಲ್ಲ. ಅದರ ಮೇಲೆ ತಗಡಿನ ಪಟ್ಟಿ ಹೊದಿಸಿ ಬಣ್ಣ ಬಳಿದರೆ ಯಾರಿಗೂ ತಿಳಿಯದು. ಕಳ್ಳರಿಗೆ ತಿಳಿಯದ್ದು, ಇರುವೆಗೆ ತಿಳಿಯದ್ದು, ಹೆಂಡತಿಗೂ ಹೇಳದ್ದು. ಇಲ್ಲಿ ತೋರಿಸಿದರೆ ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ. ಹಳೇಪಾರ್ಟಿನ ಬಾಯಿ, ಪೋಸ್ಟ್‌ಮಾಸ್ಟರ ಬಾಯಿ ಎರಡೂ ಇಲ್ಲೇ ಇದ್ದವು.

"ತೊಂಬತ್ತು ಮಾವ!" ಸೊಸೆಯ ಬೆರಳು ಒತ್ತುತ್ತಲೇ ಇದ್ದವು, ಕಣ್ಣಲ್ಲಿ ಮಾತ್ರ ನೀರು.

ಮಾವ ನೆಲಕ್ಕೆ ಕೂತರು. ಕೈ ಚಾಚಿದ್ದೇ ಅತ್ತೆ ಸರಿಯಾದ ಮೊಳೆಯಿಂದ ಸಣ್ಣ ಉಳಿ ತಂದು ಕೊಟ್ಟರು. ಎಡ ಮೂಲೆಯ ಪಟ್ಟಿಗೆ ಉಳಿ ಕೊಟ್ಟು ಮರದ ಸುತ್ತಿಗೆಯಿಂದ ನಾಲ್ಕು ಪೆಟ್ಟು. ಪಟ್ಟಿ ಎದ್ದಿತು. ಒಳಗಿನ ಮಡಿಕೆ ಬಿಚ್ಚಿಕೊಂಡಿತು. ಅಲ್ಲಿ ತಗಡು ಕತ್ತರಿಯ ಮೂತಿ ತೂರಿಸಿ, ಹಲ್ಲು ಕಚ್ಚಿ, ಮೇಲಕ್ಕೆ ಕತ್ತರಿಸತೊಡಗಿದರು. ಕತ್ತರಿಯಿಂದ ಪುಡಿ ಬೀಳುವುದಿಲ್ಲ. ನೀಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಹೊರಕ್ಕೆ ಹಾರಿತು. ಗೇಣು ಉದ್ದ ಕತ್ತರಿಸಿ, ಬಲಕ್ಕೆ ತಿರುಗಿಸಿ ಇನ್ನೊಂದು ಗೇಣು. ಆಮೇಲೆ ಇಕ್ಕಳ ಹಿಡಿದು ತಗಡನ್ನು ಸುರುಳಿ ಸುತ್ತಿ ಎಳೆದರು. ಒಳಗಿನಿಂದ ಬಿಸಿಗಾಳಿ ಭಗ್ಗೆಂದು ಮುಖಕ್ಕೆ ಬಂತು. ಹಳೇಪಾರ್ಟು ಟೇಬಲ್ ಫ್ಯಾನನ್ನು ಹೊತ್ತು ತಂದು ಆ ಬಾಯಿಗೆ ಇಟ್ಟ.

"ತೊಂಬತ್ತೊಂದು" ಎಂದಳು ಸೊಸೆ. "ತೊಂಬತ್ತೊಂದೇ ಇದೆ. ತೊಂಬತ್ತು. ಎಂಬತ್ತೆಂಟು. ಮಾವ, ಇಳೀತಾ ಇದೆ!"

ಅಷ್ಟರಲ್ಲಿ ಅವಳು ಯಾರಿಗೋ ಉತ್ತರ ಕೊಡತೊಡಗಿದಳು. ತಂಡದವರಿಗೆ ಈ ಸದ್ದೆಲ್ಲ ಮೈಕಿನಲ್ಲಿ ಕೇಳಿಸಿತ್ತು. "ಇಲ್ಲ ಡಾಕ್ಟ್ರೇ, ಮನೆಗೆ ಕಳ್ಳರು ಬಂದಿಲ್ಲ. ನಮ್ಮ ಮಾವ ಪೆಟ್ಟಿಗೆ ಒಡೀತಿದ್ದಾರೆ. ಹೌದು, ಅವರದ್ದೇ ಪೆಟ್ಟಿಗೆ. ಇಲ್ಲ ಇಲ್ಲ, ತಲೆ ಸರಿಯಾಗೇ ಇದೆ. ಎಡಗಡೆ ನೋಡಿ, ಎಡಗಡೆ, ಇಬ್ಬರು ಬಂದ್ರು!"

ಆ ಇಬ್ಬರೂ ಬಾಗಿಲು ದಾಟಲಿಲ್ಲ. ಮೂರೂ ಮುಕ್ಕಾಲಿಗೆ ಆಟ ಮುಗಿಯಿತು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನೋ ಬಂತು. ಸೊಸೆ ಎರಡೂ ಕೈ ಮೇಲೆತ್ತಿದ್ದು ನೋಡಿ ಗೆದ್ದರು ಎಂದು ಮಿಕ್ಕವರಿಗೆ ತಿಳಿಯಿತು. ಅತ್ತೆ ಅವಳ ತಲೆಯನ್ನು ಹೆಡ್‌ಫೋನು ಸಮೇತ ಅಪ್ಪಿಕೊಂಡರು.

ಪೋಸ್ಟ್‌ಮಾಸ್ಟರು ಮಾತ್ರ ಬಗ್ಗಿ ಆ ಕತ್ತರಿಸಿದ ಬಾಯಿಯನ್ನೇ ನೋಡುತ್ತಿದ್ದರು. "ಅಂತೂ ನಿಮ್ಮ ಪೆಟ್ಟಿಗೇನೂ ಒಡೆಯೋಕೆ ಆಗತ್ತೆ ಅಂದ ಹಾಗಾಯ್ತು."

ಮಾವ ಬೆವರು ಒರೆಸಿಕೊಂಡರು. "ಒಡೆಯೋಕೆ ನಂಗೇ ಎಷ್ಟು ಹೊತ್ತು ಹಿಡೀತು?"

"ಏಳು ನಿಮಿಷ. ಗಡಿಯಾರ ನೋಡಿದ್ದೀನಿ."

"ಮಾಡಿದೋನಿಗೇ ಏಳು ನಿಮಿಷ. ಅದೂ ಎಲ್ಲಿ ಒಡೀಬೇಕು ಅಂತ ಗೊತ್ತಿದ್ದು. ಬೀದಿಲೆಲ್ಲ ಇದನ್ನೂ ಸೇರ್ಸಿ ಹೇಳಿ."

ಸೊಸೆ ಹೆಡ್‌ಫೋನು ಕೆಳಗಿಟ್ಟು ಮೊಬೈಲು ನೋಡುತ್ತಿದ್ದಳು. ಎರಡು ಸಲ ಓದಿದಳು. "ಡಾಕ್ಟರ್ ಬರ್ದಿದ್ದಾರೆ ಮಾವ. ಜಾಗ ನಂದೇ ಅಂತೆ. ಬೇರೆಯವಳಿಗೆ ಇವತ್ತೇ ಹೇಳಿಬಿಟ್ರಂತೆ. ಮುಂದಿನ ಆಟ ಬುಧವಾರ." ಸ್ವಲ್ಪ ತಡೆದು ಅಂದಳು, "ನಿಮ್ಮ ಪೆಟ್ಟಿಗೆ ಹಾಳಾಯ್ತು."

ಮಾವ ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು, ಚೂರಿಯ ಹಾಗಿತ್ತು. ಮೊಳೆಯಿಂದ ದೊಡ್ಡ ಸುತ್ತಿಗೆ ತೆಗೆದು ಮತ್ತೆ ನೆಲಕ್ಕೆ ಕೂತರು.

"ಬುಧವಾರಕ್ಕೆ ಇನ್ನೂ ಮೂರು ದಿನ ಇದೆ. ಕಾಲು ಸ್ವಲ್ಪ ಆ ಕಡೆ ಇಟ್ಕೋಮ್ಮ, ಈ ಅಂಚು ಮಡಚ್ಬೇಕು. ಬಲಗಡೇನೂ ಗಾಳಿಗೆ ಇಷ್ಟೇ ಅಗಲ ಬಿಡ್ಲಾ?"